ಒಂದೇ ಬೆಂಚು, ಎರಡು ಧರ್ಮ: ಶಾಲೆಯಲ್ಲಿ ಹಿಂದೂ–ಮುಸ್ಲಿಂ ಸೌಹಾರ್ದ

ಹಿಂದೂ ಮತ್ತು ಮುಸ್ಲಿಂ ಮಕ್ಕಳು ವರ್ಷಗಟ್ಟಲೆ ಒಂದೇ ಸೂರಿನಡಿ, ಒಂದೇ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು, ಒಬ್ಬರೇ ಮೇಷ್ಟ್ರ ಮಾತಿಗೆ ಕಿವಿಗೊಟ್ಟು ಕೂರುವುದು ಶಾಲೆಯಲ್ಲಿ. ಸಂತೆಯಲ್ಲಿ, ಬಸ್ಸಿನಲ್ಲಿ, ಹೊಲಗದ್ದೆಯ ಕೆಲಸದಲ್ಲಿ ಎರಡೂ ಧರ್ಮದ ಜನ ದಿನವೂ ಎದುರಾಗುತ್ತಾರೆ. ಆದರೆ ಅಲ್ಲಿ ವ್ಯವಹಾರ ಮುಗಿದರೆ ಒಡನಾಟವೂ ಬಹುಮಟ್ಟಿಗೆ ಮುಗಿಯಿತು. ಶಾಲೆಯಲ್ಲಿ ಹಾಗಲ್ಲ. ಒಂದನೇ ತರಗತಿಗೆ ಸೇರಿದ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವ ಹೊತ್ತಿಗೆ ಇನ್ನೊಂದು ಧರ್ಮದ ಮಗುವಿನ ಜೊತೆ ಪೆನ್ಸಿಲು ಹಂಚಿಕೊಂಡಿರುತ್ತದೆ, ಠೂ ಬಿಟ್ಟಿರುತ್ತದೆ, ರಾಜಿಯಾಗಿರುತ್ತದೆ, ಅದರ ಮನೆಯ ಸಾವುನೋವನ್ನೂ ಕೇಳಿರುತ್ತದೆ. ಹೀಗಾಗಿ ಧರ್ಮಸೌಹಾರ್ದದ ಪ್ರಶ್ನೆ ಶಾಲೆಯೊಳಗೆ ತತ್ತ್ವವಾಗಿ ಕಾಲಿಡುವುದಿಲ್ಲ. ಯಾರ ಪಕ್ಕ ಯಾರು ಕೂರಬೇಕು, ಬೆಳಗಿನ ಪ್ರಾರ್ಥನೆಗೆ ಯಾವ ಹಾಡು, ರೋಜಾ ಹಿಡಿದ ಹುಡುಗನನ್ನು ಆಟದ ಪಿರಿಯಡ್ಡಿನಲ್ಲಿ ಓಡಿಸಬೇಕೋ ಬೇಡವೋ ಎಂಬ ಸಣ್ಣ ಸಂಗತಿಗಳಾಗಿ ಅದು ಬರುತ್ತದೆ. ಈ ಸಣ್ಣ ಸಂಗತಿಗಳ ಹಿಂದೆ ನಿಂತಿರುವ ಪ್ರಶ್ನೆ ಮಾತ್ರ ದೊಡ್ಡದು: ತನ್ನ ಧರ್ಮವೇ ಸತ್ಯವೆಂದು ನಂಬಿ ಬೆಳೆದ ಮನಸ್ಸು, ಅಷ್ಟೇ ಗಾಢವಾಗಿ ಬೇರೆಯದನ್ನು ನಂಬಿದ ಮನಸ್ಸಿನೊಡನೆ ಸರಿಸಮನಾಗಿ ಬಾಳುವುದು ಹೇಗೆ?

ಇದಕ್ಕೆ ಎರಡು ಸುಲಭದ ಉತ್ತರಗಳು ರೂಢಿಯಲ್ಲಿವೆ. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಎಂಬುದು ಮೊದಲನೆಯದು. ಶಾಲೆಯ ಗೋಡೆಗಳ ಮೇಲೆ, ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ಈ ಮಾತು ಧಾರಾಳವಾಗಿ ಸಿಗುತ್ತದೆ. ಆದರೆ ಮಕ್ಕಳಿಗೆ ಇದು ಪೂರ್ತಿ ನಿಜವಲ್ಲವೆಂದು ಬಹಳ ಬೇಗ ಗೊತ್ತಾಗುತ್ತದೆ. ಒಬ್ಬಳ ಮನೆಯಲ್ಲಿ ದೇವರ ಕೋಣೆ ತುಂಬ ಮೂರ್ತಿಗಳು. ಇನ್ನೊಬ್ಬಳ ಮನೆಯಲ್ಲಿ ದೇವರಿಗೆ ರೂಪ ಕೊಡುವುದೇ ತಪ್ಪು. ಇವೆರಡೂ ಒಂದೇ ಎಂದು ಹೇಳುವುದು ಇಬ್ಬರ ನಂಬಿಕೆಯನ್ನೂ ಹಗುರ ಮಾಡಿದಂತೆ. ಧರ್ಮವನ್ನು ಗೇಟಿನಾಚೆ ಬಿಟ್ಟು ಒಳಗೆ ಬರಬೇಕೆಂಬುದು ಎರಡನೆಯ ಉತ್ತರ. ಹೆಸರು, ಉಡುಪು, ಊಟ, ಹಬ್ಬದ ರಜೆ ಎಲ್ಲದರಲ್ಲೂ ಧರ್ಮ ಹೊಕ್ಕಿರುವ ನಾಡಿನಲ್ಲಿ ಅದು ಆಗುವ ಮಾತಲ್ಲ. ಹಾಗೆ ಹೇಳಿದಾಗಲೆಲ್ಲ ಹೆಚ್ಚು ಸಂಖ್ಯೆಯವರ ಆಚಾರ ‘ಸಂಸ್ಕೃತಿ’ ಎಂಬ ಹೆಸರಿನಲ್ಲಿ ಒಳಗೇ ಉಳಿಯುತ್ತದೆ, ಕಡಿಮೆ ಸಂಖ್ಯೆಯವರದು ಮಾತ್ರ ‘ಧರ್ಮ’ ಎನಿಸಿಕೊಂಡು ಹೊರಗೆ ನಿಲ್ಲುತ್ತದೆ.

ಕನ್ನಡದ ಪರಂಪರೆಯಲ್ಲೂ ಇಸ್ಲಾಮಿನ ಪರಂಪರೆಯಲ್ಲೂ ಇವಕ್ಕಿಂತ ಗಟ್ಟಿಯಾದ ವಿಚಾರವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಅನ್ಯರ ವಿಚಾರವನ್ನೂ ಅನ್ಯರ ಧರ್ಮವನ್ನೂ ಸೈರಿಸಬಲ್ಲ ಗುಣವನ್ನೇ ನಿಜವಾದ ಸಂಪತ್ತೆಂದು ಎಣಿಸಿತು. ಕನ್ನಡಕ್ಕೆ ದೊರೆತ ಮೊದಲ ಗ್ರಂಥದಲ್ಲಿಯೇ ಈ ಮಾತಿರುವುದು ಸಣ್ಣ ಸಂಗತಿಯಲ್ಲ. ಕುರ್‌ಆನಿನ 49ನೆಯ ಅಧ್ಯಾಯದ 13ನೆಯ ವಚನ, ಮನುಷ್ಯರನ್ನು ಬೇರೆಬೇರೆ ಜನಾಂಗಗಳಾಗಿ ಮಾಡಿದ್ದರ ಉದ್ದೇಶ ಅವರು ಪರಸ್ಪರ ಅರಿಯಲಿ ಎಂಬುದೇ ಎನ್ನುತ್ತದೆ. ಇವೆರಡೂ ಭೇದವನ್ನು ಅಲ್ಲಗಳೆಯುವುದಿಲ್ಲ. ಭೇದ ಇರುವಲ್ಲಿಯೇ ಮನುಷ್ಯನ ಪರೀಕ್ಷೆ ಎಂದು ಹೇಳುತ್ತವೆ. ಯಾವ ಧರ್ಮ ಸತ್ಯ ಎಂಬುದನ್ನು ತೀರ್ಮಾನಿಸುವ ಹೊಣೆ ಶಾಲೆಯದಲ್ಲ. ಆ ತೀರ್ಮಾನಕ್ಕೆ ಕಾಯದೆ ಪ್ರತಿ ಮಗುವಿಗೂ ಸಮನಾದ ಜಾಗ ಕೊಡುವುದಷ್ಟೇ ಅದರ ಹೊಣೆ, ಅದೇ ಸಾಕಷ್ಟು ಕಷ್ಟದ ಕೆಲಸ.

ಭಾರತದ ಸಂವಿಧಾನ ಈ ಹೊಣೆಯನ್ನು 28ನೆಯ ವಿಧಿಯಲ್ಲಿ ಬರೆದಿಟ್ಟಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧರ್ಮಬೋಧನೆಯೋ ಪೂಜೆಯೋ ನಡೆದರೆ, ಅದರಲ್ಲಿ ಭಾಗವಹಿಸುವಂತೆ ಯಾವ ವಿದ್ಯಾರ್ಥಿಯನ್ನೂ ಒತ್ತಾಯಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು. ಬೋಧನೆ ಬೇರೆ, ತಿಳಿವಳಿಕೆ ಬೇರೆ ಎಂಬ ವಿವೇಚನೆಯನ್ನು 1964–66ರ ಕೊಠಾರಿ ಆಯೋಗ ಮಾಡಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಸಂವಿಧಾನ ಅಡ್ಡಬರುವುದಿಲ್ಲವೆಂದಿತು. ನಮಾಜು ಮಾಡಿ ಎಂದು ಕಲಿಸುವಂತಿಲ್ಲ, ನಮಾಜು ಎಂದರೇನೆಂದು ತಿಳಿಸಬಹುದು. ಗಣಪತಿಗೆ ಕೈಮುಗಿಯಿರಿ ಎಂದು ಹೇಳುವಂತಿಲ್ಲ, ನೆರೆಮನೆಯವರು ಏಕೆ ಕೈಮುಗಿಯುತ್ತಾರೆಂದು ವಿವರಿಸಬಹುದು. ಈ ಎರಡನೆಯ ಕೆಲಸ ನಮ್ಮ ಶಾಲೆಗಳಲ್ಲಿ ತೀರಾ ಕಡಿಮೆ ನಡೆಯುತ್ತದೆ. ಹತ್ತು ವರ್ಷ ಮುಸ್ಲಿಂ ಗೆಳೆಯನ ಪಕ್ಕ ಕೂತ ಹುಡುಗನಿಗೆ ರಂಜಾನ್ ಮತ್ತು ಬಕ್ರೀದ್ ನಡುವಿನ ವ್ಯತ್ಯಾಸ ಗೊತ್ತಿಲ್ಲದಿದ್ದರೆ, ಶಿವರಾತ್ರಿಯ ಜಾಗರಣೆ ಏಕೆಂದು ಅವನ ಗೆಳೆಯನಿಗೆ ತಿಳಿಯದಿದ್ದರೆ, ಆ ಕೊರತೆ ಮಕ್ಕಳದಲ್ಲ.

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ಘಟನೆಗಳಿವೆ, ಅವನ್ನು ಜೊತೆಗಿಟ್ಟು ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ಸ್ಟುವರ್ಟ್ ಫ್ರೇಜರ್ ಎಂಬ ಇಂಗ್ಲಿಷ್ ಅಧಿಕಾರಿ ಅವರಿಗೆ ಪಾಠ ಹೇಳುತ್ತಿದ್ದರು. ಆ ಪುಟ್ಟ ತರಗತಿಯಲ್ಲಿ ಅವರ ಸಹಪಾಠಿಯಾಗಿದ್ದವರು ಮಿರ್ಜಾ ಇಸ್ಮಾಯಿಲ್. ಒಬ್ಬರು 1884ರಲ್ಲಿ ಹುಟ್ಟಿದವರು, ಇನ್ನೊಬ್ಬರು 1883ರಲ್ಲಿ. ನಿಷ್ಠಾವಂತ ಹಿಂದೂ ಅರಸ, ಪರ್ಷಿಯನ್ ಮೂಲದ ಮುಸ್ಲಿಂ ಮನೆತನದ ಹುಡುಗ. ಆ ಗೆಳೆತನ 1940ರಲ್ಲಿ ಮಹಾರಾಜರು ತೀರಿಕೊಳ್ಳುವವರೆಗೂ ಮಾಸಲಿಲ್ಲ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಬೆಂಗಳೂರು, ಮೈಸೂರುಗಳಿಗೆ ಕೊಟ್ಟ ರೂಪ ಇಂದಿಗೂ ಕಾಣುತ್ತದೆ. ಆದರೆ ಅದೇ ಅರಸ, ಅದೇ ದಿವಾನ ಅಧಿಕಾರದಲ್ಲಿದ್ದಾಗಲೇ, 1928ರಲ್ಲಿ, ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರ ವಿವಾದವಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ನಗರದಲ್ಲಿ ಹಿಂದೂ–ಮುಸ್ಲಿಂ ಗಲಭೆಯಾಯಿತು. ಕೊನೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು.

ಸಹಪಾಠಿಗಳ ಸ್ನೇಹ ನಾಡನ್ನು ಆಳುತ್ತಿದ್ದಾಗಲೂ ಶಾಲೆಯ ಅಂಗಳವೊಂದು ಕದನದ ಕಾರಣವಾಗಿದ್ದು ಯೋಚಿಸಬೇಕಾದ ವಿಷಯ. ಇಬ್ಬರ ನಡುವಿನ ಪ್ರೀತಿ ಇಬ್ಬರ ನಡುವೆ ಏನನ್ನಾದರೂ ಬಗೆಹರಿಸುತ್ತದೆ. ನೂರು ಮಕ್ಕಳು ಸೇರುವ ಜಾಗಕ್ಕೆ ಅದಷ್ಟೇ ಸಾಲದು. ಆ ಜಾಗ ಯಾರದು, ಅಲ್ಲಿ ಯಾವುದು ಎಲ್ಲರದು, ಯಾವುದು ಕೆಲವರದು ಎಂಬುದನ್ನು ಮೊದಲೇ, ಎಲ್ಲರ ಎದುರಿಗೆ, ಜಗಳ ಹುಟ್ಟುವ ಮುನ್ನ ಗೊತ್ತುಮಾಡಿಕೊಳ್ಳಬೇಕು. ಶಾಲಾ ಜೀವನದ ಸೌಹಾರ್ದವನ್ನು ಬರೀ ಸದ್ಭಾವನೆಯ ವಿಷಯವೆಂದು ತಿಳಿಯುವವರು ಈ ಭಾಗವನ್ನು ಮರೆಯುತ್ತಾರೆ.

ಹಾಗೆ ಗೊತ್ತುಮಾಡಿಕೊಂಡ ಒಂದು ಪ್ರಯೋಗ ಭಾರತೀಯರ ಶಿಕ್ಷಣ ಚರಿತ್ರೆಯಲ್ಲಿಯೇ ಇದೆ, ನಡೆದದ್ದು ಮಾತ್ರ ದಕ್ಷಿಣ ಆಫ್ರಿಕಾದಲ್ಲಿ. 1910ರಲ್ಲಿ ಗಾಂಧೀಜಿಯವರ ಮಿತ್ರ ಹರ್ಮನ್ ಕ್ಯಾಲನ್‌ಬ್ಯಾಕ್ ಜೋಹಾನ್ಸ್‌ಬರ್ಗ್ ಬಳಿಯ ತಮ್ಮ ಸುಮಾರು 1100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳ ವಾಸಕ್ಕೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಮನೆಗಳ ಮಕ್ಕಳು ಅಲ್ಲಿದ್ದರು. ಅವರಿಗಾಗಿ ಗಾಂಧೀಜಿ ಮತ್ತು ಕ್ಯಾಲನ್‌ಬ್ಯಾಕ್ ಶಾಲೆ ನಡೆಸಿದರು. ಬೆಳಿಗ್ಗೆ ತೋಟದ ಕೆಲಸ, ಮಧ್ಯಾಹ್ನ ಪಾಠ. ದಣಿದ ಮಕ್ಕಳಿಗೆ ತೂಕಡಿಕೆ ಬರುತ್ತಿತ್ತು, ಮೇಷ್ಟ್ರಿಗೂ ಬರುತ್ತಿತ್ತು.

ಅಡುಗೆಮನೆಯ ಪ್ರಶ್ನೆ ಮೊದಲು ಬಂತು. ಮಾಂಸಾಹಾರ ರೂಢಿಯಿದ್ದವರೂ ಇದ್ದರು, ಸಸ್ಯಾಹಾರಿಗಳೂ ಇದ್ದರು. ಒಂದೇ ಸಸ್ಯಾಹಾರಿ ಅಡುಗೆಮನೆ ಇರಲಿ ಎಂಬುದು ಗಾಂಧೀಜಿಯ ಇಚ್ಛೆ. ಆದರೆ ಕೇಳಿದವರಿಗೆ ಮಾಂಸ ಒದಗಿಸುವುದು ತಮ್ಮ ಕರ್ತವ್ಯವೆಂಬುದೂ ಅವರಿಗೆ ಸ್ಪಷ್ಟವಿತ್ತು. ಅಪ್ಪಣೆ ಮಾಡದೆ ಅವರು ಕ್ರೈಸ್ತ, ಮುಸ್ಲಿಂ ಕುಟುಂಬಗಳನ್ನು ಕೇಳಿದರು. ಕೇಳಿದ್ದರಿಂದಲೇ ಆ ಕುಟುಂಬಗಳು ಸಂತೋಷದಿಂದ ಒಪ್ಪಿದವು. ರಂಜಾನ್ ಬಂದಾಗ ಗಾಂಧೀಜಿ ಮುಸ್ಲಿಂ ಹುಡುಗರಿಗೆ ರೋಜಾ ಹಿಡಿಯಲು ಉತ್ತೇಜನ ಕೊಟ್ಟರು. ಹಿಂದೂ, ಪಾರ್ಸಿ ಹುಡುಗರೂ ಅವರಿಗೆ ಜೊತೆಯಾಗಿ ಉಪವಾಸ ಮಾಡಲೆಂದು ಸೂಚಿಸಿದರು. ಮಕ್ಕಳು ಖುಷಿಯಿಂದ ಒಪ್ಪಿದರು. ಉಳಿದವರು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಮುಸ್ಲಿಂ ಗೆಳೆಯರಿಗಾಗಿ ರುಚಿಯಾದ ತಿನಿಸು ಮಾಡಿ ಬಡಿಸುತ್ತಿದ್ದರು. ಬೆಳಗಿನ ಜಾವದ ಊಟಕ್ಕೆ ಏಳುವ ಒತ್ತಾಯ ಉಳಿದವರಿಗಿರಲಿಲ್ಲ. ಹಗಲಲ್ಲಿ ನೀರು ಕುಡಿಯುವ ಸ್ವಾತಂತ್ರ್ಯವೂ ಇತ್ತು. ಹಿಂದೂಗಳು ಇಸ್ಲಾಮನ್ನು ಆಚರಿಸಲಿಲ್ಲ, ಮುಸ್ಲಿಮರ ರೋಜಾ ಸಡಿಲವಾಗಲೂ ಇಲ್ಲ. ಅವರವರ ವ್ರತ ಅವರವರದಾಗಿಯೇ ಉಳಿದು, ಹಸಿವು ಮಾತ್ರ ಎಲ್ಲರದಾಯಿತು. ಮುಸ್ಲಿಂ ಮಕ್ಕಳಿಗೆ ಕುರ್‌ಆನ್, ಪಾರ್ಸಿ ಮಕ್ಕಳಿಗೆ ಅವೆಸ್ತಾ ಓದಿಸುವ ಏರ್ಪಾಡೂ ಅಲ್ಲಿತ್ತು. ಸರ್ಕಾರಿ ಶಾಲೆಯಲ್ಲಿ ಇದನ್ನೆಲ್ಲ ಹಾಗೆಯೇ ಮಾಡಲಾಗದು, ಮಾಡಲೂಬಾರದು. ಅದು ಕೂಡುಕುಟುಂಬದಂಥ ಆಶ್ರಮ. ಆದರೆ ಅಲ್ಲಿ ನಡೆದ ಎರಡು ಕೆಲಸಗಳಿಗೆ ಆಶ್ರಮವೇ ಬೇಕಿಲ್ಲ. ಸಂಖ್ಯೆಯಲ್ಲಿ ಕಡಿಮೆ ಇರುವವರನ್ನು ಕೇಳಿ ನಿರ್ಧರಿಸುವುದು ಒಂದು. ಹೊಂದಿಕೊಳ್ಳುವ ಕಷ್ಟವನ್ನು ಎರಡೂ ಕಡೆಯವರು ಹೊರುವುದು ಇನ್ನೊಂದು.

ಕರ್ನಾಟಕದ ಶಾಲೆಯ ದಿನ ಪ್ರಾರ್ಥನೆಯಿಂದ ತೊಡಗುತ್ತದೆ. ದೇಶದಲ್ಲಿ ಹೆಚ್ಚು ಜಗಳ ಕಂಡ ಶಾಲಾ ಸಂಗತಿಯೂ ಪ್ರಾರ್ಥನೆಯೇ ಇರಬೇಕು. 1937ರಲ್ಲಿ ಪ್ರಾಂತೀಯ ಸರ್ಕಾರಗಳು ಬಂದಾಗ ಶಾಲೆಗಳಲ್ಲಿ ವಂದೇ ಮಾತರಂ ಹಾಡಿಸುವ ಬಗ್ಗೆ ಮುಸ್ಲಿಮರ ಆಕ್ಷೇಪ ಜೋರಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ, ದೇವಿಯ ಸ್ತುತಿಯಿಲ್ಲದ ಮೊದಲ ಎರಡು ಚರಣಗಳನ್ನಷ್ಟೇ ಸಭೆಗಳಲ್ಲಿ ಹಾಡಬೇಕೆಂದು ಗೊತ್ತುಮಾಡಿತು. ಸ್ವಾತಂತ್ರ್ಯಾನಂತರ ರಾಧಾಕೃಷ್ಣನ್ ಆಯೋಗ ಕೆಲವು ನಿಮಿಷಗಳ ಮೌನ ಧ್ಯಾನವನ್ನು ಸೂಚಿಸಿತು. ಆ ಸಲಹೆ ಕಾಗದದಲ್ಲಿಯೇ ಉಳಿಯಿತು. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ ಕೇರಳದ ಕ್ರೈಸ್ತ ಪಂಥವೊಂದರ ಮೂವರು ಮಕ್ಕಳದು. ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಧರ್ಮನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ಅವರನ್ನು ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿತು. ಗೌರವದಿಂದ ಮೌನವಾಗಿ ನಿಂತ ಮಗುವಿನಿಂದ ದೇಶಕ್ಕಾಗಲಿ ಶಾಲೆಗಾಗಲಿ ಅವಮಾನವಿಲ್ಲವೆಂಬ ಈ ನಿಲುವು ಹಿಂದೂ–ಮುಸ್ಲಿಂ ಮಕ್ಕಳಿರುವ ಪ್ರತಿ ಪ್ರಾರ್ಥನಾ ಸಾಲಿಗೂ ಅನ್ವಯಿಸುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡು ಅದೃಷ್ಟಶಾಲಿ. 2004ರಲ್ಲಿ ನಾಡಗೀತೆಯೆಂದು ಅಂಗೀಕಾರವಾದ ಕುವೆಂಪು ಅವರ ಕವಿತೆ ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರ್ಸಿ, ಜೈನರನ್ನು ಹೆಸರಿಟ್ಟು ಕರೆದು ನಾಡನ್ನು ಅವರೆಲ್ಲರದೆಂದು ಹೇಳುತ್ತದೆ. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನು ಹಾಡದ ಶಾಲಾ ವಾರ್ಷಿಕೋತ್ಸವ ಅಪರೂಪ. 2023ರಿಂದ ಸಂವಿಧಾನದ ಪೀಠಿಕೆಯನ್ನು ಶಾಲೆಗಳಲ್ಲಿ ಓದಿಸಲಾಗುತ್ತಿದೆ. ಎಲ್ಲ ಮಕ್ಕಳೂ ಪೂರ್ತಿ ಮನಸ್ಸಿನಿಂದ ದನಿಗೂಡಿಸಬಹುದಾದ ಇಷ್ಟೊಂದು ಇರುವಾಗ, ಒಂದೇ ಧರ್ಮದ ಸ್ತೋತ್ರವನ್ನು ಎಲ್ಲರ ಪ್ರಾರ್ಥನೆಯಾಗಿಸುವ ಅಗತ್ಯ ಸರ್ಕಾರಿ ಶಾಲೆಗಿಲ್ಲ.

ಹಬ್ಬಗಳ ವಿಷಯ ಇಷ್ಟು ಸರಳವಲ್ಲ, ಪ್ರಾರ್ಥನೆಯ ಹಾಗೆ ಅಲ್ಲಿ ಒಂದು ಗೆರೆ ಎಳೆಯಲಾಗದು. ಅನೇಕ ಊರುಗಳಲ್ಲಿ ಶಾಲೆಯ ಶಾರದಾ ಪೂಜೆಯ ದಿನ ಮುಸ್ಲಿಂ ಮಕ್ಕಳೂ ತೋರಣ ಕಟ್ಟುತ್ತಾರೆ, ಪ್ರಸಾದವೆಂದು ಹಂಚುವ ಚುರುಮುರಿಯನ್ನು ತಿನ್ನುತ್ತಾರೆ. ಕೆಲವರು ತೋರಣ ಕಟ್ಟಿ, ಮಂಗಳಾರತಿಯ ಹೊತ್ತಿಗೆ ಪಕ್ಕಕ್ಕೆ ನಿಲ್ಲುತ್ತಾರೆ. ಇವೆರಡೂ ಸರಿಯೇ. ಪಕ್ಕಕ್ಕೆ ನಿಂತವನನ್ನು ಏಕೆ ನಿಂತೆ ಎಂದು ಎಲ್ಲರೆದುರು ಕೇಳಿದ ಕ್ಷಣದಲ್ಲಿ ಹಬ್ಬದ ಸೊಗಸು ಹೋಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದರ ಇನ್ನೊಂದು ಮುಖ ಕಾಣಬಹುದು. ಮೊಹರಮ್ಮಿನಲ್ಲಿ ಅಲಾಯಿ ದೇವರುಗಳನ್ನು ಕೂರಿಸಿದಾಗ ಹಿಂದೂ ಮನೆಗಳ ಮಕ್ಕಳು ಹರಕೆ ಹೊತ್ತು ಫಕೀರರಾಗುತ್ತಾರೆ, ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದಗಳಿಗೆ ದನಿಗೂಡಿಸುತ್ತಾರೆ. ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲಿಯೂ ಮೊಹರಂ ನಡೆಯುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಎರಡೂ ಧರ್ಮದ ಜನ ಸಾವಿರಗಟ್ಟಲೆ ಸೇರುತ್ತಾರೆ. ಇಂಥ ಊರಿನ ಮಗು ಶಾಲೆಗೆ ಬರುವಾಗಲೇ ಎರಡು ಹಬ್ಬಗಳ ರುಚಿ ಬಲ್ಲದು. ಹೋಳಿಗೆಯಷ್ಟೇ ಮೊಹರಮ್ಮಿನ ಚೊಂಗೆಯೂ ಅದಕ್ಕೆ ಪರಿಚಿತ. ನಗರದ ಹೊಸ ಬಡಾವಣೆಯ ಮಗುವಿಗೆ ಈ ಭಾಗ್ಯವಿಲ್ಲ, ಅಲ್ಲಿ ಶಾಲೆಯೇ ಆ ಪರಿಚಯ ಮಾಡಿಸಬೇಕಾಗುತ್ತದೆ.

ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಇಂಥ ಪರಿಚಯಕ್ಕೆ ಒಳ್ಳೆಯ ದಾರಿ, ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ. ಧಾರ್ಮಿಕ ಪಠಣ ಅದರ ಸ್ಪರ್ಧೆಗಳಲ್ಲೊಂದು. ಸಂಸ್ಕೃತದಲ್ಲೂ ಇದೆ, ಅರೇಬಿಕ್‌ನಲ್ಲೂ ಇದೆ. ಗುಂಪು ಸ್ಪರ್ಧೆಗಳಲ್ಲಿ ಜನಪದ ನೃತ್ಯದ ಜೊತೆಗೆ ಕವ್ವಾಲಿ ಸೇರಿದೆ. ಒಂದೇ ವೇದಿಕೆಯಲ್ಲಿ ಶ್ಲೋಕ, ಅದಾದ ಮೇಲೆ ಕುರ್‌ಆನ್ ಪಠಣ. ಯಾರ ನಂಬಿಕೆಯನ್ನೂ ಯಾರ ಮೇಲೂ ಹೇರದೆ ಮಕ್ಕಳು ಇನ್ನೊಬ್ಬರ ಅತ್ಯಂತ ಪವಿತ್ರವಾದ ಶಬ್ದಗಳನ್ನು ಕಿವಿಯಾರೆ ಕೇಳುತ್ತಾರೆ. ಶಾಲೆಗೆ ಹೆಮ್ಮೆ ತರಲೆಂದು ಗೆಳೆಯನ ಅರೇಬಿಕ್ ಪಠಣಕ್ಕೆ ಚಪ್ಪಾಳೆ ತಟ್ಟುವ ಹಿಂದೂ ಹುಡುಗ ಪಡೆಯುವ ಶಿಕ್ಷಣವನ್ನು ಯಾವ ಪಠ್ಯವೂ ಕೊಡಲಾರದು.

ಮಧ್ಯಾಹ್ನದ ಬಿಸಿಯೂಟ ಇನ್ನೊಂದು ದೊಡ್ಡ ಸಾಧನೆ. 2001ರ ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೆ ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಶರಣರ ದಾಸೋಹದ ಹೆಸರು ಹೊತ್ತ ಈ ಯೋಜನೆಯಲ್ಲಿ ಎಲ್ಲ ಜಾತಿ, ಧರ್ಮದ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಹಂಡೆಯ ಅನ್ನ ಸಾರು ಉಣ್ಣುತ್ತಾರೆ. ಮೊಟ್ಟೆ ಕೊಡುವ ನಿರ್ಧಾರಕ್ಕೆ 2021ರ ಕೊನೆಯಲ್ಲಿ ಕೆಲವು ಮಠಾಧೀಶರಿಂದ ವಿರೋಧ ಬಂತು. ಅದು ಹಿಂದೂ–ಮುಸ್ಲಿಂ ವಿವಾದವಾಗಿರಲಿಲ್ಲ, ಮೊಟ್ಟೆ ತಿನ್ನುವ ಹಿಂದೂ ಮಕ್ಕಳೇ ಲಕ್ಷಗಟ್ಟಲೆ. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ವ್ಯವಸ್ಥೆಯಿಂದ ಪಂಕ್ತಿ ಒಡೆಯಲಿಲ್ಲ. ಬೇರೆ ಬೇರೆ ತಿನ್ನುತ್ತಾ ಒಟ್ಟಿಗೆ ಕೂರಬಹುದೆಂದು ಮಕ್ಕಳು ಯಾವ ಗೊಂದಲವೂ ಇಲ್ಲದೆ ತೋರಿಸಿಕೊಟ್ಟರು. ರಂಜಾನ್ ತಿಂಗಳಲ್ಲಿ ರೋಜಾ ಹಿಡಿದ ಮಗು ಊಟದ ಹೊತ್ತಿನಲ್ಲಿ ಒಂಟಿಯಾಗುವುದು ಸಹಜ. ಆ ಹೊತ್ತಿನಲ್ಲಿ ಗ್ರಂಥಾಲಯದ ಬಾಗಿಲು ತೆರೆದಿಟ್ಟರೆ, ಡ್ರಿಲ್ ಪಿರಿಯಡ್ಡಿನಲ್ಲಿ ನೆರಳಲ್ಲಿ ಕೂತು ಅಂಕ ಬರೆಯುವ ಕೆಲಸ ಕೊಟ್ಟರೆ ಸಾಕು. ಇದಕ್ಕೆ ಸುತ್ತೋಲೆ ಬೇಕಿಲ್ಲ.

ಒಟ್ಟಿಗಿದ್ದರೆ ಪೂರ್ವಗ್ರಹ ತಾನಾಗಿ ಕರಗುತ್ತದೆಯೇ? ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಕೊಟ್ಟ ಉತ್ತರ ಇಂದಿಗೂ ನಿಂತಿದೆ: ಷರತ್ತುಗಳಿವೆ. ಸಂಪರ್ಕದಲ್ಲಿ ಎರಡೂ ಗುಂಪುಗಳ ಸ್ಥಾನ ಸಮನಾಗಿರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಕೈಜೋಡಿಸಿ ದುಡಿಯಬೇಕು, ಹಿರಿಯರು ಮತ್ತು ಅಧಿಕಾರಸ್ಥರು ಅದನ್ನು ಬೆಂಬಲಿಸಬೇಕು. ಭಾರತದ್ದೇ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಯುವಕರಿಗೆ ಕ್ರಿಕೆಟ್ ಲೀಗ್ ಏರ್ಪಡಿಸಿದರು. ಬೇರೆ ಜಾತಿಯವರ ಜೊತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿಯೇ ಎದುರಾದವರಲ್ಲಿ ಪರಿಣಾಮ ತಿರುವುಮುರುವಾಯಿತು. ಆ ಅಧ್ಯಯನ ಜಾತಿಯದು, ಆದರೂ ಶಾಲೆಗೆ ಅದರಲ್ಲಿ ನೇರವಾದ ಸಲಹೆಯಿದೆ. ಓಣಿಗೊಂದು ತಂಡವಾಗಿ ಆಡಲು ಬಿಟ್ಟರೆ ಆಟವೇ ಧರ್ಮಧರ್ಮಗಳ ಪಂದ್ಯವಾಗುತ್ತದೆ. ತಂಡಗಳನ್ನು ದೈಹಿಕ ಶಿಕ್ಷಕರು ಬೆರೆಸಬೇಕು. ಪಾಠದಲ್ಲಿಯೂ ಇದು ಸಾಧ್ಯ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ತಂದಾಗ ಹೊಡೆದಾಟಗಳಾಗುತ್ತಿದ್ದವು. ಎಲಿಯಟ್ ಆರನ್ಸನ್ ಪಾಠವನ್ನು ತುಂಡುಗಳಾಗಿ ಹಂಚಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದು ಕೊಟ್ಟು, ಅದನ್ನು ಉಳಿದವರಿಗೆ ಕಲಿಸುವ ಹೊಣೆ ಹೊರಿಸಿದರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗುವಂತಿರಲಿಲ್ಲ. ಆಲ್‌ಪೋರ್ಟ್ ಹೇಳಿದ ಷರತ್ತುಗಳಲ್ಲಿ ನಾಲ್ಕನೆಯದು, ಅಂದರೆ ಹಿರಿಯರ ಬೆಂಬಲ, ನಮ್ಮಲ್ಲಿ ಅತಿ ದುರ್ಬಲ. ಸ್ಟಾಫ್ ರೂಮಿನಲ್ಲಿ ಶಿಕ್ಷಕರು ಪರಸ್ಪರ ಹೇಗೆ ಮಾತಾಡುತ್ತಾರೆಂಬುದನ್ನು ಮಕ್ಕಳು ಗಮನಿಸುತ್ತಾರೆ.

ಶಾಲೆಯಲ್ಲಿ ನೋವಾಗುವುದು ಹೆಚ್ಚಾಗಿ ಮಾತಿನಿಂದ. ಕ್ರಿಕೆಟ್ ಪಂದ್ಯದ ಮರುದಿನ, ಎಲ್ಲೋ ಸ್ಫೋಟವಾದ ಮರುದಿನ, ಮುಸ್ಲಿಂ ಮಗುವನ್ನು ಪಾಕಿಸ್ತಾನದವನೆಂದು ಕರೆಯುವುದು ಅದರ ರೂಢಿಯ ರೂಪ. ನಾಜಿಯಾ ಎರಮ್ ‘ಮದರಿಂಗ್ ಎ ಮುಸ್ಲಿಂ’ ಪುಸ್ತಕಕ್ಕಾಗಿ 12 ನಗರಗಳ 145 ಕುಟುಂಬಗಳೊಡನೆ ಮಾತಾಡಿದಾಗ, ಹೆಸರಾಂತ ಖಾಸಗಿ ಶಾಲೆಗಳಲ್ಲಿಯೂ ತೀರಾ ಚಿಕ್ಕ ಮಕ್ಕಳು ಇಂಥ ಮಾತು ಕೇಳಿಸಿಕೊಂಡಿದ್ದು ಹೊರಬಂತು. ಹಿಂದೂ ಮಕ್ಕಳೂ ತಮ್ಮ ದೇವರುಗಳ ರೂಪದ ಬಗ್ಗೆ, ಪೂಜೆಯ ಬಗ್ಗೆ ಹೀಯಾಳಿಕೆ ಕೇಳುವ ಜಾಗಗಳಿವೆ. ಯಾವ ಕಡೆಯಿಂದ ಬಂದರೂ ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಶಿಕ್ಷಕ ತಪ್ಪು ಮಾಡುತ್ತಾನೆ. ಆಡಿದ ಮಗು ಅದನ್ನು ಮನೆಯಲ್ಲೋ ಮೊಬೈಲಿನಲ್ಲೋ ಕೇಳಿರುತ್ತದೆ. ಆಡಿಸಿಕೊಂಡ ಮಗು ಮನೆಗೆ ಹೋಗಿ ಹೇಳುವುದೂ ಇಲ್ಲ. ಚರಿತ್ರೆಯ ಪಾಠದಲ್ಲಿ ಇದು ಇನ್ನೊಂದು ಬಗೆಯಲ್ಲಿ ಮರುಕಳಿಸುತ್ತದೆ. ಭಾರತ ಮತ್ತು ಪಾಕಿಸ್ತಾನದ ಶಾಲಾ ಚರಿತ್ರೆಗಳನ್ನು ಹೋಲಿಸಿದ ಶಿಕ್ಷಣತಜ್ಞ ಕೃಷ್ಣಕುಮಾರ್, ಒಂದೇ ಸ್ವಾತಂತ್ರ್ಯ ಹೋರಾಟದಿಂದ ಎರಡು ದೇಶಗಳು ಬೇರೆಬೇರೆ ಘಟನೆಗಳನ್ನು ಆರಿಸಿಕೊಂಡು ಮಕ್ಕಳಿಗೆ ಹೇಳುವುದನ್ನು 2001ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಘಜನಿಯ ಮಹಮೂದನ ದಾಳಿಯನ್ನು ಮರೆಮಾಚಬೇಕಿಲ್ಲ. ಆದರೆ ಆ ಪಾಠದ ಹೊತ್ತಿಗೆ ತರಗತಿಯ ಕಣ್ಣೆಲ್ಲ ಮೂರನೇ ಬೆಂಚಿನ ಹುಡುಗನ ಕಡೆ ತಿರುಗಿದರೆ, ಸಾವಿರ ವರ್ಷದ ಹಿಂದಿನ ಅರಸನಿಗೂ ಈ ಹುಡುಗನಿಗೂ ಸಂಬಂಧವಿಲ್ಲವೆಂದು ಅಲ್ಲೇ ಹೇಳಬೇಕಾದವರು ಶಿಕ್ಷಕರು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಂಗೀತಪ್ರೇಮವನ್ನೂ, ಗೋವಿಂದಭಟ್ಟರನ್ನು ಗುರುವೆಂದು ಒಪ್ಪಿದ ಶಿಶುನಾಳ ಷರೀಫರನ್ನೂ ಅದೇ ದನಿಯಲ್ಲಿ ಕಲಿಸಬೇಕು.

ಸಮವಸ್ತ್ರದ ವಿವಾದ ಕರ್ನಾಟಕದ ಶಾಲಾ ಜೀವನಕ್ಕೆ ಆಳವಾದ ಗಾಯ ಮಾಡಿತು. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಪ್ರಶ್ನೆಯೆದ್ದಿತು. ಕೆಲವೇ ವಾರಗಳಲ್ಲಿ ಅದಕ್ಕೆ ಪ್ರತಿಯಾಗಿ ಕೇಸರಿ ಶಾಲುಗಳು ಬಂದವು. 2022ರ ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಸಮವಸ್ತ್ರದ ಉದ್ದೇಶ ಸಮಾನತೆ ಎಂಬ ವಾದಕ್ಕೆ ಬೆಲೆಯಿದೆ. ತಲೆವಸ್ತ್ರ ಹುಡುಗಿಯ ಸ್ವಂತ ಆಯ್ಕೆಯೋ ಮನೆಯವರ ಒತ್ತಾಯವೋ ಎಂಬ ಪ್ರಶ್ನೆಗೂ ಬೆಲೆಯಿದೆ. ಆದರೆ ಆ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಎಲ್ಲಕ್ಕಿಂತ ಮುಂದಿಟ್ಟದ್ದು ಹುಡುಗಿಯ ಓದು ಏನಾಗುತ್ತದೆ ಎಂಬುದನ್ನು, ಶಾಲೆಯ ದೃಷ್ಟಿಯಿಂದ ಅದೇ ಮೊದಲ ಪ್ರಶ್ನೆ. ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರಿದ್ದರು, ಕಾಲೇಜು ಬಿಟ್ಟವರಿದ್ದರು. ಅವರ ಜೊತೆ ಅಲ್ಲಿಯವರೆಗೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳತಿಯರು ಗೇಟಿನ ಒಳಗೂ ಹೊರಗೂ ಹಂಚಿಹೋದರು. ಪ್ರಾಂಶುಪಾಲರ ಕೋಣೆಯಲ್ಲಿ ಪೋಷಕರೊಡನೆ ಕೂತು ಮುಗಿಸಬಹುದಾದದ್ದನ್ನು ಬೀದಿಗೂ ಟಿವಿಗೂ ಬಿಟ್ಟದ್ದು ದೊಡ್ಡವರ ಸೋಲು.

ಇದಕ್ಕಿಂತ ಸದ್ದಿಲ್ಲದ, ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿದೆ: ಎರಡೂ ಧರ್ಮದ ಮಕ್ಕಳು ಒಂದೇ ಶಾಲೆಗೆ ಬರುವುದೇ ಕಡಿಮೆಯಾಗುತ್ತಿದೆ. ಮುಸ್ಲಿಂ ಮಕ್ಕಳೆಲ್ಲ ಮದರಸಕ್ಕೆ ಹೋಗುತ್ತಾರೆಂಬ ನಂಬಿಕೆ ತಪ್ಪು. ಮದರಸದಲ್ಲಿ ಮಾತ್ರ ಓದುವವರು ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 3ರಿಂದ 4ರಷ್ಟು ಮಾತ್ರವೆಂದು 2006ರ ಸಾಚಾರ್ ವರದಿ ಹೇಳಿತು. ಕರಾವಳಿಯಲ್ಲಂತೂ ಬೆಳಿಗ್ಗೆ ಮದರಸ ಮುಗಿಸಿ ಆಮೇಲೆ ಶಾಲೆಗೆ ಬರುವುದು ರೂಢಿ. ಬೇರ್ಪಡಿಕೆಯ ನಿಜವಾದ ಕಾರಣಗಳು ಬೇರೆ. ನಗರಗಳ ಬಡಾವಣೆಗಳು ಧರ್ಮದ ಮೇಲೆ ಹಂಚಿಹೋಗಿವೆ; ಮುಸ್ಲಿಮರಿಗೆ ಬಾಡಿಗೆ ಮನೆ ಸಿಗದ ಓಣಿಯ ಶಾಲೆಯಲ್ಲಿ ಮುಸ್ಲಿಂ ಮಕ್ಕಳು ಎಲ್ಲಿಂದ ಬರಬೇಕು? ದುಡ್ಡಿದ್ದವರು ಎರಡೂ ಕಡೆಯಲ್ಲಿ ತಮ್ಮತಮ್ಮ ಸಮುದಾಯದ ಖಾಸಗಿ ಶಾಲೆಗಳನ್ನು ಹುಡುಕುತ್ತಾರೆ. ಉರ್ದು ಮಾಧ್ಯಮದ ಸರ್ಕಾರಿ ಶಾಲೆ ಮನೆಮಾತಿನ ಹಕ್ಕನ್ನು ಕಾಯುತ್ತದೆ, ಆ ಹಕ್ಕು ಉಳಿಯಬೇಕು. ಆದರೆ ಒಂದೇ ಆವರಣದಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡೂ ಇರುವ ಕಡೆ ಆಟ, ಊಟ, ಪ್ರಾರ್ಥನೆ, ವಿಜ್ಞಾನದ ಪ್ರಯೋಗಗಳನ್ನಾದರೂ ಕೂಡಿಸಲು ಯಾವ ಅಡ್ಡಿಯೂ ಇಲ್ಲ.

ಕೂಡಿ ಓದಿದ್ದರ ಫಲವನ್ನು ಕನ್ನಡ ಸಾಹಿತ್ಯ ಕೈಯಲ್ಲಿ ಹಿಡಿದು ತೋರಿಸುತ್ತದೆ. ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಶನರಿ ಶಾಲೆಯೊಂದರ ಕನ್ನಡ ಮಾಧ್ಯಮಕ್ಕೆ ಸೇರಿಸಿದಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತು; ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ‘ಚಂದ್ರಗಿರಿಯ ತೀರದಲ್ಲಿ’ ಕನ್ನಡಕ್ಕೆ ದಕ್ಕಿತು. ತಮ್ಮ ಕಥೆಗಳಲ್ಲಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿದ ಬೊಳುವಾರು ಮಹಮದ್ ಕುಂಞಿ ಗಾಂಧಿಯ ಕಥೆಯನ್ನು ಮಕ್ಕಳಿಗಾಗಿ ಬರೆದರು. ಇವರೆಲ್ಲರ ಓದುಗರಲ್ಲಿ ಹೆಚ್ಚಿನವರು ಹಿಂದೂಗಳು. ಬೇರೆ ಶಾಲೆಯಲ್ಲಿ, ಬೇರೆ ಭಾಷೆಯಲ್ಲಿ ಓದಿದ್ದರೆ ಆ ಬರಹಗಾರರೂ ಈ ಓದುಗರೂ ಪರಸ್ಪರ ಎದುರಾಗುತ್ತಲೇ ಇರಲಿಲ್ಲ.

ಒಂದು ಓಣಿಯ ಎಲ್ಲ ಮಕ್ಕಳೂ, ಧರ್ಮ, ಜಾತಿ, ಹಣದ ಭೇದವಿಲ್ಲದೆ, ಆ ಓಣಿಯ ಒಂದೇ ಶಾಲೆಗೆ ಹೋಗಬೇಕೆಂದು ಕೊಠಾರಿ ಆಯೋಗ 1966ರಲ್ಲಿಯೇ ಶಿಫಾರಸು ಮಾಡಿತ್ತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಾನ ಶಾಲೆಯ ತತ್ತ್ವವನ್ನು ಒಪ್ಪಿತು, 1986ರ ನೀತಿಯೂ ಒಪ್ಪಿತು. ದೇಶದ ಯಾವ ರಾಜ್ಯವೂ ಅದನ್ನು ಇನ್ನೂ ಪೂರ್ತಿಯಾಗಿ ಜಾರಿಗೆ ತಂದಿಲ್ಲ. ಕರ್ನಾಟಕ ಆ ಕೆಲಸವನ್ನು ಮೊದಲು ಮಾಡಲಿ. ಅಲ್ಲಿಯವರೆಗೆ, ತಮ್ಮ ಊರಿನ ಕೂಡುಶಾಲೆಯನ್ನು ಉಳಿಸಿಕೊಳ್ಳುವ ಕೆಲಸ ಎರಡೂ ಧರ್ಮದ ತಂದೆತಾಯಿಗಳದು.